ಟೆಂಪೋ ಓಡಿಸಿ ಗೊತ್ತಿದ್ದರೆ ಫೋರ್ಕ್‌ಲಿಫ್ಟ್ ಓಡಿಸಬಹುದಾ?

ನಿಮ್ಮ ತಮ್ಮ ನೆಲಮಂಗಲದ ಗೋಡೌನಿಗೆ ಲೋಡಿಂಗ್ ಕೆಲಸಕ್ಕೆ ಸೇರಿದ್ದಾರೆ, ಟೆಂಪೋ ಲೈಸೆನ್ಸ್ ಇದೆಯಲ್ಲ ಅಂತ ಸೂಪರ್‌ವೈಸರ್ ಮಾಲು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್ ಗಾಡಿಯ ಕೀ ಕೊಡುತ್ತಿದ್ದಾರೆ, ಹತ್ತಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಈ ಗಾಡಿ ಕಲಿಸುವುದೇ ನನ್ನ ಕೆಲಸ. ಏನೂ ಓಡಿಸಿ ಗೊತ್ತಿಲ್ಲದವರಿಗಿಂತ ಟೆಂಪೋ, ಲಾರಿಯಲ್ಲಿ ಪಳಗಿದವರಿಗೆ ಕಲಿಸುವುದೇ ಕಷ್ಟ.

ಯಾಕೆಂದರೆ ಇದರಲ್ಲಿ ತಿರುಗುವುದು ಹಿಂದಿನ ಚಕ್ರ. ಸ್ಟೇರಿಂಗ್ ಎಡಕ್ಕೆ ಎಳೆದರೆ ಮೂತಿ ಎಡಕ್ಕೆ ಹೋಗುತ್ತದೆ, ಹಿಂಭಾಗ ಬಲಕ್ಕೆ ಬೀಸುತ್ತದೆ. ಅಲ್ಲಿರುವುದು ಕೌಂಟರ್‌ವೇಟ್, ಅಂದರೆ ಮುಂದಿನ ಮಾಲಿನ ಭಾರ ಸರಿದೂಗಿಸಲು ಇಟ್ಟ ತೂಕ, ಬರೀ ಕಬ್ಬಿಣ. ಓಡಿಸುವವರ ಕಣ್ಣೆಲ್ಲ ಮುಂದೆ ಚಾಚಿ ಮಾಲು ಹೊರುವ ಕಬ್ಬಿಣದ ಫೋರ್ಕಿನ ಮೇಲೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತ ಹಮಾಲಿಯ ಕಾಲು ರ‍್ಯಾಕಿಗೂ ಗಾಡಿಗೂ ನಡುವೆ ಸಿಕ್ಕಿಬಿಡುತ್ತದೆ.

ಆಮೇಲೆ ತೂಕ. ಗಾಡಿಗೆ ಒಂದು ಪ್ಲೇಟ್ ಬಡಿದಿರುತ್ತಾರೆ: 2000 ಕೆ.ಜಿ., 500 ಮಿ.ಮೀ. ಎಲ್ಲರೂ ಮೊದಲನೆಯದನ್ನು ಓದುತ್ತಾರೆ, ಎರಡನೆಯದನ್ನು ಬಿಡುತ್ತಾರೆ. ಫೋರ್ಕಿನ ಬುಡದಿಂದ ಮಾಲಿನ ತೂಕದ ನಡುಭಾಗದವರೆಗಿನ ದೂರ ಅದು. ಇದು ಏತದ ಲೆಕ್ಕ. ಮುಂದಿನ ಚಕ್ರದ ಆ್ಯಕ್ಸಲ್‌ನಿಂದ ಫೋರ್ಕಿನ ಬುಡಕ್ಕೆ 400 ಮಿ.ಮೀ. ಇದೆ ಅಂದುಕೊಳ್ಳಿ. 2000 ಕೆ.ಜಿ. ಕೂರುವುದು 900 ಮಿ.ಮೀ. ದೂರದಲ್ಲಿ. ಉದ್ದನೆಯ ಕ್ರೇಟ್ ಬಂದು ಅದರ ನಡುಭಾಗ ಬುಡದಿಂದ 800 ಮಿ.ಮೀ. ಆಚೆ ಹೋದರೆ ಒಟ್ಟು ದೂರ 1200 ಆಯ್ತು. ಈಗ ಅದೇ ಗಾಡಿ ಹೊರುವುದು ಸುಮಾರು 1500 ಕೆ.ಜಿ. ಮಾತ್ರ. ಫೋರ್ಕನ್ನು ಮೇಲೆತ್ತುವ ಕಂಬ, ಅಂದರೆ ಮಾಸ್ಟ್, ಎತ್ತರಕ್ಕೆ ಹೋದಷ್ಟೂ ಇನ್ನೂ ಕಡಿಮೆ. ಭಾರ ಮೀರಿ ಹಿಂದಿನ ಚಕ್ರ ಎದ್ದರೆ ಸ್ಟೇರಿಂಗೇ ಇಲ್ಲ! ಆಗ ಕೆಲವರು ತೂಕಕ್ಕೆ ಅಂತ ಸುಮ್ನೆ ಇಬ್ಬರನ್ನು ಹಿಂದೆ ಹತ್ತಿಸಿ ನಿಲ್ಲಿಸುತ್ತಾರೆ. ಅಂಥ ಗೋಡೌನ್ ಆದರೆ ತಮ್ಮನಿಗೆ ಬೇರೆ ಕೆಲಸ ನೋಡಲು ಹೇಳಿ.

ಖಾಲಿ ಗಾಡಿಗೆ ಭಯವಿಲ್ಲ ಅನ್ನುವುದೂ ತಪ್ಪು. ಖಾಲಿ ಇದ್ದಾಗ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ, ಸ್ಪೀಡಾಗಿ ತಿರುಗಿಸಿದರೆ ಪಕ್ಕಕ್ಕೆ ಮಗುಚುತ್ತದೆ. ಆಗ ಹಾರಬಾರದು. ಹಾರಿದವರ ಮೇಲೆಯೇ ತಲೆ ಮೇಲಿನ ಗಾರ್ಡ್ ಬೀಳುತ್ತದೆ. ಬೆಲ್ಟ್ ಹಾಕಿರಬೇಕು, ಸ್ಟೇರಿಂಗ್ ಗಟ್ಟಿಯಾಗಿ ಹಿಡಿದು, ಕಾಲು ಊರಿ, ಬೀಳುವ ಕಡೆಗೆ ವಿರುದ್ಧವಾಗಿ ವಾಲಬೇಕು. ಇದು ತಾನಾಗಿ ಬರುವುದಿಲ್ಲ, ಹೇಳಿಸಿಕೊಂಡು ಅಭ್ಯಾಸ ಮಾಡಬೇಕು.

ಲೈಸೆನ್ಸ್ ವಿಷಯಕ್ಕೆ ಬರೋಣ. ಕಾರ್ಖಾನೆ ಅಥವಾ ಕಾಂಪೌಂಡಿನ ಒಳಗೆ ಮಾತ್ರ ಓಡಲು ಮಾಡಿದ ವಿಶೇಷ ಗಾಡಿಯನ್ನು 1988ರ ಮೋಟಾರು ವಾಹನ ಕಾಯ್ದೆ ಮೋಟಾರು ವಾಹನ ಅಂತಲೇ ಎಣಿಸುವುದಿಲ್ಲ. ಹಾಗಾಗಿ ಆರ್‌ಟಿಓ ಲೈಸೆನ್ಸ್ ತೋರಿಸಿ ಇದು ಬರುತ್ತದೆ ಅನ್ನುವುದಕ್ಕೆ ಅರ್ಥವಿಲ್ಲ. ಅಮೆರಿಕದ ನಿಯಮ ಒಳ್ಳೆಯ ಅಳತೆಗೋಲು: 18 ತುಂಬಿರಬೇಕು, ಪಾಠ ಆಗಬೇಕು, ಗಾಡಿ ಮೇಲೆ ಅಭ್ಯಾಸ ಆಗಬೇಕು, ಕೆಲಸದ ಜಾಗದಲ್ಲಿ ಓಡಿಸುವುದನ್ನು ನೋಡಿ ಒಪ್ಪಬೇಕು. 3 ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷಿಸಬೇಕು.

ನಿಮ್ಮ ತಮ್ಮ ಆ ಸೂಪರ್‌ವೈಸರ್ ಹತ್ತಿರ ಜಗಳ ಮಾಡಬೇಕಿಲ್ಲ. "ಸಾರ್, ಕಲೀತೀನಿ, ಯಾರು ಕಲಿಸ್ತಾರೆ?" ಅಂತ ಕೇಳಲಿ. ಕೆಲಸಕ್ಕೆ ತಕ್ಕ ತರಬೇತಿ ಕೊಡಿಸುವುದು ಕಂಪನಿಯ ಹೊಣೆ. ಅದೇ ಗಾಡಿ, ಅದೇ ರ‍್ಯಾಂಪ್, ಅದೇ ಮಾಲಿನ ಮೇಲೆ ಕಲಿಸಬೇಕು. ರ‍್ಯಾಂಪಿನಲ್ಲಿ ಲೋಡ್ ಯಾವಾಗಲೂ ಏರಿನ ಕಡೆಗಿರಬೇಕು, ಅಂದರೆ ಇಳಿಯುವಾಗ ರಿವರ್ಸ್. ಲಾರಿಯೊಳಗೆ ಹೋಗುವ ಮೊದಲು ಅದರ ಚಕ್ರಕ್ಕೆ ಅಡ್ಡ ಕೊಟ್ಟು, ಡ್ರೈವರ್ ಕೈಯಿಂದ ಕೀ ಇಸ್ಕೋಬೇಕು. ಇಲ್ಲದಿದ್ದರೆ ಗಾಡಿ ಅರ್ಧ ಒಳಗಿರುವಾಗಲೇ ಯಾರೋ "ರೈಟ್" ಅಂದು ಲಾರಿ ಹೊರಟುಬಿಡುತ್ತದೆ. ಕಲಿತ ಮೇಲೆ, ಇಂಥ ಗಾಡಿ ಓಡಿಸಲು ಅನುಮತಿ ಇದೆ ಅಂತ ತಮ್ಮನ ಹೆಸರಿನಲ್ಲಿ ಬರೆದ ಕಾಗದ ತಗೊಳ್ಳಲಿ, ಒಂದು ಪ್ರತಿ ಮನೆಯಲ್ಲಿರಲಿ.