ಸ್ಪ್ಯಾನಿಷ್ ಕ್ರಿಯಾಪದಗಳನ್ನು ಎಲ್ಲಿ ಬಿಡಿಸಬೇಕು, ಎಲ್ಲಿ ಒತ್ತಿ ಹೇಳಬೇಕು ಅಂತ ತಿಳಿಯುವುದು ಹೇಗೆ?

ಶುರುವಿನಲ್ಲೇ ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಾನು ತಡವಾಗಿ ಕಲಿತೆ. ಒಮ್ಮೆ ಕೆಲಸದ ಫೋನಿನಲ್ಲಿ ‘ಅವರು ದುಡ್ಡು ಕೊಟ್ಟರು’ ಅನ್ನಲು ‘ಪಗೋ’ ಅನ್ನಬೇಕಿತ್ತು. ‘ಪಾಗೊ’ ಅಂದುಬಿಟ್ಟೆ. ಅದರ ಅರ್ಥ ‘ನಾನು ಕೊಡುತ್ತೇನೆ’! ಆಮೇಲೆ ಬಿಡಿಸಿ ಹೇಳಿ ಸರಿಮಾಡಬೇಕಾಯಿತು.

(ಒತ್ತು ಬೀಳುವ ಕಡೆ ಇಲ್ಲಿ ದೀರ್ಘ ಹಾಕಿದ್ದೇನೆ. ಕನ್ನಡದಲ್ಲಿ ಹ್ರಸ್ವ-ದೀರ್ಘ ಮಾಡುವ ಕೆಲಸವನ್ನು ಅಲ್ಲಿ ಒತ್ತು ಮಾಡುತ್ತದೆ.)

ನಿಯಮ ಚಿಕ್ಕದು. ಪದ ಸ್ವರದಲ್ಲೋ, ನ್ ಅಥವಾ ಸ್‌ನಲ್ಲೋ ಮುಗಿದರೆ ಕೊನೆಯಿಂದ ಎರಡನೇ ತುಂಡಿಗೆ (ತುಂಡು ಅಂದರೆ ಒಂದೇ ಸಲಕ್ಕೆ ಉಚ್ಚರಿಸುವ ಭಾಗ, ಸಿಲಬಲ್) ಒತ್ತು: ಆ-ಬ್ಲೊ (ಮಾತಾಡುತ್ತೇನೆ), ಆ-ಬ್ಲನ್ (ಮಾತಾಡುತ್ತಾರೆ). ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯ ತುಂಡಿಗೆ: ಅ-ಬ್ಲಾರ್ (ಮಾತಾಡುವುದು). ಈ ನಿಯಮ ಮುರಿದ ಕಡೆ ಸ್ವರದ ಮೇಲೆ ‘ತಿಲ್ದೆ’ ಅನ್ನುವ ಓರೆ ಗೆರೆ ಇರುತ್ತದೆ. ಅ-ಬ್ಲೋ (ಮಾತಾಡಿದ) ಅನ್ನುವಲ್ಲಿ ಕೊನೆಯ ಸ್ವರದ ಮೇಲೆ ಅದನ್ನು ನೋಡಬಹುದು.

ಬಿಡಿಸುವಾಗ ನಮ್ಮ ಒತ್ತಕ್ಷರವನ್ನು ಪೂರ್ತಿ ನಂಬಬೇಡಿ. ಬ್ಲ, ಪ್ರ, ತ್ರ ಒಟ್ಟಿಗೇ ಉಳಿಯುತ್ತವೆ, ನಿಜ. ಆದರೆ ‘ಎಸ್ತಾರ್’ ಅನ್ನು ಎ-ಸ್ತಾರ್ ಅಂತ ಒಡೆಯಬಾರದು, ಎಸ್-ತಾರ್ ಅಂತಲೇ ಒಡೆಯಬೇಕು. ಸ್ಪ್ಯಾನಿಷ್‌ನಲ್ಲಿ ಯಾವ ತುಂಡೂ ‘ಸ್ತ’ದಿಂದ ಶುರುವಾಗುವುದಿಲ್ಲ.

ಜಾಸ್ತಿ ಕಾಡುವುದು ಇ ಮತ್ತು ಉ. ಇವು ಮೆತ್ತನೆಯ ಸ್ವರಗಳು, ಪಕ್ಕದಲ್ಲಿ ಅ, ಎ, ಒ ಇದ್ದರೆ ಅದರೊಳಗೆ ಸೇರಿಬಿಡುತ್ತವೆ. ‘ತಿಂದ’ ಅನ್ನಲು ಕೊ-ಮ್ಯೋ, ಎರಡೇ ತುಂಡು. ಆದರೆ ಇ ಮೇಲೆಯೇ ತಿಲ್ದೆ ಬಿದ್ದರೆ ಅದು ಗಟ್ಟಿಯಾಗಿ ಬೇರೆ ನಿಲ್ಲುತ್ತದೆ. ‘ತಿನ್ನುತ್ತಿದ್ದೆ’ ಅನ್ನಲು ಕೊ-ಮೀ-ಅ, ಮೂರು ತುಂಡು. ಇಲ್ಲಿ ಮಾತ್ರ ಕನ್ನಡ ಲಿಪಿ ಕೈಹಿಡಿಯುತ್ತದೆ ನೋಡಿ: ಬರೆಯುವಾಗ ‘ಯ’ದ ಒತ್ತಕ್ಷರ ಬಂದರೆ ಒಂದೇ ತುಂಡು, ಬರದಿದ್ದರೆ ಎರಡು. ನನಗೆ ಇದು ಹೊಳೆದ ದಿನವೇ ಅರ್ಧ ಭಯ ಹೋಯಿತು.

ಆದರೂ ಕೆಲವನ್ನು ಸುಮ್ನೆ ನೆನಪಿಟ್ಟುಕೊಳ್ಳಲೇಬೇಕು. ಕಂಬ್ಯಾರ್ (ಬದಲಿಸುವುದು), ಕೊನ್‌ಫ್ಯಾರ್ (ನಂಬುವುದು) ಒಂದೇ ಥರ ಕಾಣುತ್ತವೆ, ಅಲ್ವಾ? ‘ನಾನು’ ಸೇರಿದಾಗ ಮೊದಲನೆಯದು ಕಾಂ-ಬ್ಯೊ, ಎರಡನೆಯದು ಕೊನ್-ಫೀ-ಒ. ಹೊಸ ಕ್ರಿಯಾಪದ ಕಲಿಯುವಾಗಲೇ ಅದರ ‘ನಾನು’ ರೂಪವನ್ನೂ ಬರೆದಿಟ್ಟುಕೊಳ್ಳಿ.

ಆಜ್ಞೆಯಲ್ಲಿ ಒತ್ತು ಕ್ರಿಯಾಪದವನ್ನು ಬಿಟ್ಟು ಕದಲುವುದಿಲ್ಲ. ದೀ-ಮೆ (ನನಗೆ ಹೇಳು), ದೀ-ಮೆ-ಲೊ (ಅದನ್ನು ನನಗೆ ಹೇಳು). ಬಾಲ (ಮೆ, ಲೊ) ಉದ್ದವಾಗಿ ಒತ್ತಿನ ತುಂಡು ಕೊನೆಯಿಂದ ಮೂರನೆಯದಾಯಿತು, ಹಾಗಾಗಿ ಎರಡನೆಯದಕ್ಕೆ ತಿಲ್ದೆ ಬೇಕು, ಮೊದಲನೆಯದಕ್ಕೆ ಬೇಡ.

ಇನ್ನೊಂದು ವಿಷಯ. ದ್ಯೊ (ಕೊಟ್ಟ), ಬ್ಯೊ (ನೋಡಿದ), ಫ್ವೆ (ಹೋದ) ಒಂದೇ ತುಂಡಿನವು, ಇವಕ್ಕೆ ತಿಲ್ದೆ ಇಲ್ಲ. ಹಳೆಯ ಪುಸ್ತಕದಲ್ಲಿ ಕಂಡರೆ ಗಾಬರಿಯಾಗಬೇಡಿ. 1959ರಲ್ಲಿ ಕಡ್ಡಾಯವಾದ ಹೊಸ ನಿಯಮದಲ್ಲಿ ಅದನ್ನು ತೆಗೆದರು.