‘ನ್ಯಾನೋ’ ತಂತಿ ಡ್ರೈವ್ ಮೋಟರನ್ನು ಉಳಿಸೀತೇ?

ಪ್ರಶ್ನೆ: ನಮ್ಮ ಅಕ್ಕಿ ಗಿರಣಿಯ 20 ಎಚ್‌ಪಿ, 415 ವೋಲ್ಟ್ ಮೋಟರಿಗೆ ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಡ್ರೈವ್) ಹಾಕಿಸಿದ ಮೇಲೆ ವೈಂಡಿಂಗ್ ಎರಡು ಸಲ ಸುಟ್ಟಿತು. ಇನ್ಸುಲೇಷನ್ ಅಳೆಯುವ ಮೆಗ್ಗರ್‌ನ ರೀಡಿಂಗ್ ಚೆನ್ನಾಗಿಯೇ ಇತ್ತು. ಡ್ರೈವ್‌ನಿಂದ ಮೋಟರಿಗೆ 60 ಮೀಟರ್ ಕೇಬಲ್ ಇದೆ. ರಿವೈಂಡಿಂಗ್‌ನವರು ದುಬಾರಿ ‘ನ್ಯಾನೋ ಕೋಟಿಂಗ್’ ತಂತಿ ಹಾಕಿಸಿ ಎನ್ನುತ್ತಾರೆ. ಹಾಕಿಸಬಹುದೇ?
– ಓದುಗರು, ಗಂಗಾವತಿ

ಉತ್ತರ: ಹಾಕಿಸಿ. ಆದರೆ ಮೊದಲು ಆ 60 ಮೀಟರ್ ಕೇಬಲ್ಲಿಗೆ ಪರಿಹಾರ ಆಗಬೇಕು.

ಡ್ರೈವ್ ಒಳಗೆ 415 ವೋಲ್ಟ್ ಎಸಿ ಸುಮಾರು 585 ವೋಲ್ಟ್ ಡಿಸಿ ಆಗಿ, ಕಡಿದಾದ ಪಲ್ಸ್‌ಗಳಾಗಿ ಹೊರಬರುತ್ತದೆ. ಪಲ್ಸ್ 0.1 ಮೈಕ್ರೋಸೆಕೆಂಡಿನಲ್ಲಿ ಏರುವಂತಿದ್ದರೆ, ಹತ್ತು ಮೀಟರ್ ಕೇಬಲ್ ಇದ್ದರೂ ಸಾಕು, ಅದು ಪ್ರತಿಫಲಿಸಿ ಮೋಟರಿನ ಟರ್ಮಿನಲ್ಲಿನಲ್ಲಿ 1,100 ವೋಲ್ಟ್ ದಾಟಬಹುದು. ಅದರ ದೊಡ್ಡ ಪಾಲು ಬೀಳುವುದು ಮೊದಲ ಕೆಲವು ಸುತ್ತುಗಳ ಮೇಲೆ. ಕೈಯಲ್ಲಿ ತುಂಬಿದ ಕಾಯಿಲಿನಲ್ಲಿ ಮೊದಲ ಸುತ್ತೂ ಕೊನೆಯ ಸುತ್ತೂ ಒಂದಕ್ಕೊಂದು ತಾಗಿ ಕೂತಿದ್ದರಂತೂ ನಡುವಿನ ಗಾಳಿಯಲ್ಲಿ ಪಾರ್ಶಿಯಲ್ ಡಿಸ್ಚಾರ್ಜ್, ಅಂದರೆ ಸಣ್ಣ ಕಿಡಿಗಳ ಸಿಡಿತ, ಶುರುವಾಗುತ್ತದೆ. ಆ ಸಣ್ಣ ಕಿಡಿಗಳೂ ಅವು ಹುಟ್ಟಿಸುವ ಓಝೋನೂ ತಂತಿಯ ಮೇಲಿನ ಇನ್ಸುಲೇಷನ್ ಲೇಪವಾದ ಎನಾಮೆಲ್ಲನ್ನು ಕೊರೆಯುತ್ತಾ ಹೋಗುತ್ತವೆ. ಮೆಗ್ಗರ್ ಅಳೆಯುವುದು ವೈಂಡಿಂಗ್ ಮತ್ತು ಬಾಡಿಯ ನಡುವಿನ ಇನ್ಸುಲೇಷನ್ನನ್ನು. ಸುತ್ತು ಸುತ್ತಿನ ನಡುವಿನ ಈ ಸವೆತ ಅದಕ್ಕೆ ಕಾಣದು.

ನ್ಯಾನೋ ತಂತಿಯ ಎನಾಮೆಲ್ಲಿನಲ್ಲಿ 100 ನ್ಯಾನೋಮೀಟರಿಗಿಂತ ಸಣ್ಣ ಸಿಲಿಕಾ ಅಥವಾ ಅಲ್ಯೂಮಿನಾ ಕಣಗಳಿರುತ್ತವೆ. ಕಿಡಿ ಪಾಲಿಮರನ್ನು ತಿಂದರೂ ಈ ಕಣಗಳು ಹಾಗೇ ಉಳಿದು, ಮೇಲ್ಮೈಯಲ್ಲಿ ಒತ್ತಾಗಿ ಸೇರಿ, ಕೆಳಗಿನ ಪದರವನ್ನು ಕಾಯುತ್ತವೆ. ಕಣ ಸಣ್ಣದಾದಷ್ಟೂ ಅಷ್ಟೇ ತೂಕದಲ್ಲಿ ಅವುಗಳ ನಡುವಿನ ಅಂತರ ಕಿರಿದು, ಕೊರೆತಕ್ಕೆ ದಾರಿ ಸಿಗುವುದು ಕಷ್ಟ. ಪಾಲಿಅಮೈಡ್ (ನೈಲಾನ್ ಜಾತಿಯ ಪಾಲಿಮರ್) ಮೇಲಿನ ಪ್ರಯೋಗಗಳಲ್ಲಿ ತೂಕದ 2ರಿಂದ 5 ಶೇಕಡಾ ಪದರುಗಟ್ಟಿದ ಸಿಲಿಕೇಟ್ ಬೆರೆಸಿದಾಗಲೇ ಸವೆತ ಎದ್ದು ಕಾಣುವಷ್ಟು ತಗ್ಗಿದೆ. ಕಣಗಳು ಗಂಟು ಕಟ್ಟಿದರೆ ಮಾತ್ರ ಲಾಭ ಹೋಗುತ್ತದೆ, ಗಂಟೇ ದುರ್ಬಲ ಜಾಗವಾಗುತ್ತದೆ. ಹೆಚ್ಚು ತುಂಬಿದರೆ ಎನಾಮೆಲ್ ಪೆಡಸಾಗಿ, ಬಗ್ಗಿಸುವಾಗ ಬಿರುಕು ಬಿಡುತ್ತದೆ. ಆದ್ದರಿಂದ ಇನ್ವರ್ಟರ್ ಡ್ಯೂಟಿ (ಇಂಥ ಡ್ರೈವ್‌ನ ಪಲ್ಸ್ ತಾಳುವಂಥದ್ದು) ಎಂದು ತಯಾರಕರ ಟೆಸ್ಟ್ ಸರ್ಟಿಫಿಕೇಟ್ ಇರುವ ತಂತಿಯನ್ನೇ ಕೇಳಿ.

ಈ ತಂತಿ ಕಿಡಿ ಹುಟ್ಟುವುದನ್ನೇ ತಡೆಯುತ್ತದೆ ಎಂದುಕೊಳ್ಳಬೇಡಿ. ಕಿಡಿ ಶುರುವಾಗುವ ವೋಲ್ಟೇಜ್ ಹೆಚ್ಚುಕಡಿಮೆ ಮೊದಲಿನಷ್ಟೇ. ಸಿಗುವುದು ಹೆಚ್ಚಿನ ಆಯುಸ್ಸು. ಕಿಡಿಯನ್ನೇ ತಪ್ಪಿಸಲು ಡ್ರೈವ್ ಔಟ್‌ಪುಟ್‌ನಲ್ಲಿ ಪಲ್ಸಿನ ಏರಿಕೆಯನ್ನು ನಿಧಾನಿಸುವ ಡಿವಿ/ಡಿಟಿ ಫಿಲ್ಟರ್ ಹಾಕಿಸಿ, ಸಾಧ್ಯವಾದರೆ ಡ್ರೈವನ್ನೇ ಮೋಟರಿನ ಹತ್ತಿರ ತನ್ನಿ. ಕ್ಯಾರಿಯರ್ ಫ್ರೀಕ್ವೆನ್ಸಿ (ಡ್ರೈವ್ ಪಲ್ಸ್ ಹೊರಡಿಸುವ ವೇಗ) 8 ಕಿಲೋಹರ್ಟ್ಸ್ ಇದ್ದರೆ 3–4ಕ್ಕೆ ಇಳಿಸಿ. ಸದ್ದು ಹೆಚ್ಚಿದರೂ ಪೆಟ್ಟುಗಳ ಸಂಖ್ಯೆ ಅರ್ಧವಾಗುತ್ತದೆ. ವಾರ್ನಿಷ್ ಸುಮ್ಮನೆ ಸುರಿಸದೆ ವ್ಯಾಕ್ಯೂಮಿನಲ್ಲಿ ಎಳೆಸಿದರೆ ಗಾಳಿಯ ಸಂದುಗಳು ತುಂಬುತ್ತವೆ. ಫೇಸ್‌ಗಳ ನಡುವೆ ಇನ್ಸುಲೇಷನ್ ಪೇಪರ್ ಹಾಕುವುದನ್ನು ತಪ್ಪಿಸಲೇಬಾರದು. ತಂತಿ ಸ್ಲಾಟಿನ (ಕಾಯಿಲ್ ಕೂರುವ ಸಂದಿನ) ಅಂಚಿಗೆ ಉಜ್ಜಿ ಗೀರಿದರೆ ಎಂಥ ಎನಾಮೆಲ್ಲೂ ವ್ಯರ್ಥ. ಮೋಟರ್ ಗಿರಣಿಗೆ ತರುವ ಮುನ್ನ, ಸುತ್ತುಗಳ ನಡುವಿನ ಇನ್ಸುಲೇಷನ್ ಪರೀಕ್ಷಿಸುವ ಸರ್ಜ್ ಟೆಸ್ಟ್ ಮಾಡಿಸಿ, ಮೂರೂ ಫೇಸ್‌ಗಳ ಅಲೆಗಳು ಒಂದರ ಮೇಲೊಂದು ಕೂರುತ್ತವೆಯೇ ನೋಡಿ.