ಪೋಲೊ ಜಿಟಿ ಟಿಎಸ್‌ಐಗೆ ಕಡಿಮೆ ಬಜೆಟ್‌ನಲ್ಲಿ ಯಾವ ಟ್ಯೂನಿಂಗ್ ಒಳ್ಳೆಯದು?

ಏರ್ ಫಿಲ್ಟರ್, ಎಕ್ಸಾಸ್ಟ್ ಬದಲಾಯಿಸಿದ 1.2 ಟಿಎಸ್‌ಐ ಕಾರಿಗೆ ಟ್ಯೂನಿಂಗ್ ಬಾಕ್ಸ್, ರಿಮ್ಯಾಪ್ (ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದುವುದು), ಸ್ಟ್ಯಾಂಡ್‌ಅಲೋನ್ ಇಸಿಯು (ಆ ಕಂಪ್ಯೂಟರಿನ ಬದಲು ಬೇರೆಯದನ್ನೇ ಹಾಕುವುದು) ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ರಿಮ್ಯಾಪ್ ಮಾಡಿಸಿ.

ಟ್ಯೂನಿಂಗ್ ಬಾಕ್ಸ್ ಅಗ್ಗ, ಬೇಕೆಂದಾಗ ಬಿಚ್ಚಿಡಬಹುದು. ಆದರೆ ಅದು ಮಾಡುವುದು ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಸೆನ್ಸರ್‌ನ ಸಿಗ್ನಲ್ ತಿರುಚುವ ಕೆಲಸ. ಒತ್ತಡ ಕಡಿಮೆ ಇದೆ ಅಂತ ಇಸಿಯು ನಂಬಿ ಟರ್ಬೊದಿಂದ ಜಾಸ್ತಿ ಗಾಳಿ ತಳ್ಳಿಸುತ್ತದೆ. ಇಗ್ನಿಷನ್ ಟೈಮಿಂಗ್ (ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಸಮಯ) ಮಾತ್ರ ಹಳೆಯ ಲೆಕ್ಕದಲ್ಲೇ ಇರುತ್ತದೆ. ರಿಮ್ಯಾಪ್‌ನಲ್ಲಿ ಬೂಸ್ಟ್, ಇಂಧನ, ಟೈಮಿಂಗ್, ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಮಿತಿ ಎಲ್ಲವನ್ನೂ ಒಟ್ಟಿಗೆ ಹೊಂದಿಸುತ್ತಾರೆ. ಸ್ಟ್ಯಾಂಡ್‌ಅಲೋನ್ ನಿಮಗೆ ಬೇಡವೇ ಬೇಡ. ಅದು ರೇಸ್ ಕಾರಿಗೆ, ಎಂಜಿನ್ನೇ ಬದಲಾಯಿಸಿದವರಿಗೆ. ಡಿಎಸ್‌ಜಿ (ಈ ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಜೊತೆ ಅದನ್ನು ಮಾತಾಡಿಸುವುದರಲ್ಲೇ ದುಡ್ಡು ಕರಗುತ್ತದೆ.

ನನಗೆ ನಿಜಕ್ಕೂ ಚಿಂತೆ ಇರುವುದು ಗೇರ್‌ಬಾಕ್ಸ್ ಬಗ್ಗೆ. ಕಂಪನಿಯಿಂದ ಬರುವಾಗ ಎಂಜಿನ್ 175 ಎನ್‌ಎಂ ಟಾರ್ಕ್ ಕೊಡುತ್ತದೆ. ರಿಮ್ಯಾಪ್ ಆದಮೇಲೆ ಅದು ಏರುತ್ತದೆ. ಇದರ ಡಿಎಸ್‌ಜಿ, ಅಂದರೆ ಡಿಕ್ಯೂ200 ಡ್ರೈ ಕ್ಲಚ್ (ಆಯಿಲ್‌ನಲ್ಲಿ ಮುಳುಗಿರದ ಕ್ಲಚ್) ಗೇರ್‌ಬಾಕ್ಸ್ ವಿನ್ಯಾಸವಾಗಿರುವುದೇ ಸುಮಾರು 250 ಎನ್‌ಎಂಗೆ. ಹಳೆಯ ಕ್ಲಚ್ ಆದರೆ ಅಷ್ಟನ್ನೂ ನಂಬಬೇಡಿ. ದೊಡ್ಡ ಅಂಕಿ ತೋರಿಸುವ ಟ್ಯೂನರ್‌ಗಿಂತ, ಕಡಿಮೆ ಆರ್‌ಪಿಎಂನಲ್ಲಿ ಟಾರ್ಕ್ ಮೆಲ್ಲಗೆ ಏರಿಸುವವರನ್ನು ಹುಡುಕಿ. ಕೆಲಸಕ್ಕೆ ಮುಂಚೆ, ಆಮೇಲೆ ಡೇಟಾ ಲಾಗ್ (ಓಡಿಸುವಾಗ ಎಂಜಿನ್ ಸೆನ್ಸರ್‌ಗಳ ದಾಖಲೆ) ಕೇಳಿ. ಕೊಡಲ್ಲ ಅಂದರೆ ಬೇರೆಯವರ ಹತ್ತಿರ ಹೋಗಿ.

ಅದಕ್ಕೂ ಮೊದಲು ಸ್ಪಾರ್ಕ್ ಪ್ಲಗ್, ಕಾಯಿಲ್, ಎಂಜಿನ್ ಆಯಿಲ್ ಸರಿಯಿದೆಯಾ ನೋಡಿಸಿ. ದಿನಾ ಯಾವ ಪೆಟ್ರೋಲ್ ಹಾಕಿಸುತ್ತೀರೋ ಅದಕ್ಕೇ ಮ್ಯಾಪ್ (ರಿಮ್ಯಾಪ್‌ನ ಸಾಫ್ಟ್‌ವೇರ್) ಬರೆಸಿ. ಹೆಚ್ಚು ಆಕ್ಟೇನ್ ಪೆಟ್ರೋಲ್‌ಗೆ ಬರೆದ ಮ್ಯಾಪ್‌ನಲ್ಲಿ ಕಡಿಮೆ ಆಕ್ಟೇನ್‌ನದು ಹಾಕಿ ಓಡಿಸಿದರೆ ನಾಕಿಂಗ್ (ಇಂಧನ ತಾನಾಗಿಯೇ ಸ್ಫೋಟಿಸಿ ಎಂಜಿನ್ ಬಡಿಯುವುದು) ಶುರುವಾಗಿ ಪಿಸ್ಟನ್‌ಗೇ ಪೆಟ್ಟು ಬೀಳಬಹುದು.